ಪಾಳುಬಿಟ್ಟ ನೆಲ
(ಜಪಮಾಲೆ ಮಾತೆಯ ಹಬ್ಬದ ಪ್ರಬೋಧನೆ)



ಅಕ್ಟೋಬರ್ 7 ಬಂತೆಂದರೆ ಗೊರೂರು ಸೀಮೆಯ ಕ್ರೈಸ್ತರಾದ ನಮಗೆ ಶೆಟ್ಟಿಹಳ್ಳಿಯ ನೆನಪಾಗುತ್ತದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಅಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯ ಹೇಮಾವತಿ ಅಣೆಕಟ್ಟೆಯ ಹಿನ್ನೀರಿಗೆ ಸೇರಿತು. ನೀರು ತೆಗೆದುಕೊಂಡ ನೆಲವನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿರಲಿಲ್ಲ. ಆದರೆ ಉಳಿದಿರುವ ನೆಲವನ್ನು ನಾವೇ ಪಾಳುಬಿಟ್ಟರೆ?

ಮಳೆ ಮುಗಿಯುವ ಈ ದಿನಗಳಲ್ಲಿ ರಸ್ತೆಬದಿ, ಖಾಲಿ ನಿವೇಶನ, ಉಳದೆ ಬಿಟ್ಟ ಹೊಲ ಎಲ್ಲೆಲ್ಲೂ ಬಿಳಿ ಹೂವಿನ ಪಾರ್ಥೇನಿಯಂ ಕಾಣುತ್ತದೆ. ನಾವು ಕಾಂಗ್ರೆಸ್ ಗಿಡ ಎನ್ನುವ ಈ ಕಳೆ ಅಮೆರಿಕ ಖಂಡದಿಂದ ಬಂದದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು ದೇಶವನ್ನೆಲ್ಲ ಆವರಿಸಿತು. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಕೆಲವರಿಗೆ ಮೈಯೆಲ್ಲ ತುರಿಕೆ, ಕೆಲವರಿಗೆ ಉಬ್ಬಸ. ಇದನ್ನು ತಿನ್ನಲೆಂದೇ 1984ರಲ್ಲಿ ಮೆಕ್ಸಿಕೋದ ಒಂದು ಜೀರುಂಡೆಯನ್ನು ತಂದು ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ತಿಂದಿತು, ಆದರೂ ಕಳೆ ಉಳಿಯಿತು.

2016ರಲ್ಲಿ ಆಸ್ಟ್ರೇಲಿಯಾದ ವಂಗರಟ್ಟಾ ಎಂಬ ಊರಿನಲ್ಲಿ ಗಾಳಿಗೆ ಹಾರಿಬಂದ ಒಣಹುಲ್ಲು ಮನೆಗಳ ಬಾಗಿಲು, ಕಿಟಕಿಗಳನ್ನೇ ಮುಚ್ಚಿಹಾಕಿತು. ಜನ ಗಂಟೆಗಟ್ಟಲೆ ಗುಡಿಸಿದರೂ ಮತ್ತೆ ಬಂದು ತುಂಬಿತು. ಹತ್ತಿರದಲ್ಲಿ ನೋಡಿಕೊಳ್ಳದೆ ಬಿಟ್ಟ ಹೊಲವೇ ಇದಕ್ಕೆ ಕಾರಣವೆಂದು ಅವರು ದೂರಿದರು. ಒಬ್ಬರ ಪಾಳು ನೆಲ ಊರಿಗೆಲ್ಲ ಹೊರೆಯಾಗುತ್ತದೆ.

ಕಿತ್ತರೆ ಸಾಲದು ಎಂಬುದು ರೈತರಾದ ನಿಮಗೆ ಗೊತ್ತು. ಕಿತ್ತ ಜಾಗದಲ್ಲಿ ತಗಚೆಯಂಥ ಗಿಡ ದಟ್ಟವಾಗಿ ಬೆಳೆದರೆ ಪಾರ್ಥೇನಿಯಂ ತಲೆ ಎತ್ತಲಾರದು. ಪ್ರಭು ಯೇಸು ಹೇಳಿದ್ದೂ ಇದನ್ನೇ. ಗುಡಿಸಿ ಸಾರಿಸಿ ಖಾಲಿಬಿಟ್ಟ ಮನೆಗೆ, ಹೊರಟುಹೋಗಿದ್ದ ದುರಾತ್ಮ ಇನ್ನೂ ಏಳು ಆತ್ಮಗಳನ್ನು ಕರೆದುಕೊಂಡು ಬರುತ್ತದೆ ಎಂದು ಮತ್ತಾಯನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಓದುತ್ತೇವೆ.

ತಪಸ್ಸುಕಾಲದಲ್ಲಿ ಕುಡಿತ ಬಿಡುತ್ತೇವೆ. ಬಿಟ್ಟ ಆ ಸಂಜೆಯ ಹೊತ್ತನ್ನು ಹೆಂಡತಿ ಮಕ್ಕಳಿಗೆ ಕೊಡದಿದ್ದರೆ ಪಾಸ್ಕ ಮುಗಿದ ವಾರವೇ ಮತ್ತೆ ಅಂಗಡಿಯ ದಾರಿ ಹಿಡಿಯುತ್ತೇವೆ. ಅಣ್ಣತಮ್ಮಂದಿರ ಜಗಳವನ್ನು ಪಾಪನಿವೇದನೆಯಲ್ಲಿ ಕಿತ್ತುಹಾಕುತ್ತೇವೆ. ಆದರೆ ಅವರ ಮನೆಗೆ ಹೋಗಿ ಒಂದು ಲೋಟ ನೀರು ಕುಡಿಯುವುದಿಲ್ಲ. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುತ್ತೇವೆ. ಜೊತೆಗೆ ಕುಳಿತು ಮಾತನಾಡುವುದಿಲ್ಲ. ಇದೆಲ್ಲವೂ ಖಾಲಿ ಬಿಟ್ಟ ನೆಲವೇ.

ಮಾತೆ ಮರಿಯಮ್ಮನವರು ದೇವದೂತನ ಮಾತಿಗೆ ಒಪ್ಪಿ, ದೇವರ ವಾಕ್ಯವನ್ನು ತಮ್ಮೊಳಗೆ ಬೇರೂರಲು ಬಿಟ್ಟರು. ಕಳೆಗೆ ಅಲ್ಲಿ ಜಾಗವೇ ಇರಲಿಲ್ಲ. ಜಪಮಾಲೆಯ ಒಂದೊಂದು ಮಣಿಯೂ ನಮ್ಮ ಮನೆಯಲ್ಲಿ ಬಿತ್ತುವ ಒಂದೊಂದು ಬೀಜ. ದಿನವೂ ಬಿತ್ತಬೇಕು, ಮನೆಮಂದಿಯೆಲ್ಲ ಸೇರಿ ಬಿತ್ತಬೇಕು.

ಆದ್ದರಿಂದ ಈ ತಿಂಗಳು ಎರಡು ಕೆಲಸ ಮಾಡೋಣ. ಗಿಡ ಹೂ ಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ನಮ್ಮ ಮನೆ ಮುಂದಿನ ಕಳೆ ಕೀಳೋಣ. ನೆರೆಯವರ ಬೇಲಿಯಾಚೆಗೂ ಕೈ ಚಾಚೋಣ. ಸಂಜೆ ದೀಪ ಹಚ್ಚಿ, ಟಿ.ವಿ. ಆರಿಸಿ, ಒಂದು ಜಪಮಾಲೆ ಪ್ರಾರ್ಥಿಸೋಣ. ಜಪಮಾಲೆಯ ರಾಣಿ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ. ಆಮೆನ್.