ಬಾಂಡ್ ಕೈಗೆ ಬಂದ ಪಿಸ್ತೂಲು



ಜೇಮ್ಸ್ ಬಾಂಡ್ ಅಂದಕೂಡಲೇ ಕಣ್ಣಿಗೆ ಕಟ್ಟುವ ಪುಟ್ಟ ಪಿಸ್ತೂಲಿನ ಹೆಸರು ವಾಲ್ಥರ್ ಪಿಪಿಕೆ. ಜರ್ಮನಿಯ ವಾಲ್ಥರ್ ಕಂಪನಿ 1929ರಲ್ಲಿ ಪೊಲೀಸರಿಗೆಂದು ಪಿಪಿ ಎಂಬ ಪಿಸ್ತೂಲು ತಂದಿತು. ಮಫ್ತಿಯಲ್ಲಿ ತಿರುಗುವ ಪತ್ತೇದಾರರು ಕೋಟಿನೊಳಗೆ ಬಚ್ಚಿಟ್ಟುಕೊಳ್ಳಲಿ ಎಂದು ಅದನ್ನೇ ಗಿಡ್ಡ ಮಾಡಿದ್ದು ಪಿಪಿಕೆ. ಉದ್ದ ಸುಮಾರು ಹದಿನೈದೂವರೆ ಸೆಂಟಿಮೀಟರ್, ಅಷ್ಟೇ.

ಅದರ ಹೆಚ್ಚುಗಾರಿಕೆ ಗಾತ್ರವೊಂದರಲ್ಲೇ ಇಲ್ಲ. ಆ ಕಾಲದ ಬಹುಪಾಲು ಪಿಸ್ತೂಲುಗಳಲ್ಲಿ ಗುಂಡು ಹಾರಿಸಲು ಬಡಿಯುವ ಹ್ಯಾಮರನ್ನು ಮೊದಲೇ ಹಿಂದಕ್ಕೆ ಎಳೆದಿಟ್ಟಿರಬೇಕಿತ್ತು. ಹಾಗೆ ಎಳೆದಿಟ್ಟದ್ದನ್ನು ಜೇಬಲ್ಲಿಟ್ಟು ಓಡಾಡುವವನ ಪಾಡು ಹೇಳಬೇಕೆ! ಪಿಪಿಕೆಯೊಳಗೆ ಗುಂಡು ಸಿದ್ಧವಾಗಿದ್ದರೂ ಹ್ಯಾಮರ್ ತಣ್ಣಗೆ ಮಲಗಿರುತ್ತದೆ. ಟ್ರಿಗರನ್ನು ಜೋರಾಗಿ ಒತ್ತಿದರೆ, ಆ ಒತ್ತಡವೇ ಹ್ಯಾಮರನ್ನು ಎತ್ತಿ ಬೀಳಿಸುತ್ತದೆ. ಮುಂದಿನ ಗುಂಡುಗಳಿಗೆ ಅಷ್ಟು ಬಲವೂ ಬೇಡ.

ಆದರೆ ಇಯಾನ್ ಫ್ಲೆಮಿಂಗ್ ತನ್ನ ಮೊದಲ ಕಾದಂಬರಿಗಳಲ್ಲಿ ಬಾಂಡ್‌ಗೆ ಕೊಟ್ಟಿದ್ದು ಇಟಲಿಯ ಬೆರೆಟ್ಟಾ. 1956ರಲ್ಲಿ ಗ್ಲಾಸ್ಗೋದ ಜೆಫ್ರಿ ಬೂತ್‌ರಾಯ್ಡ್ ಎಂಬ ಬಂದೂಕುಪ್ರಿಯ ಓದುಗ ಪತ್ರ ಬರೆದು, ಅದು ಹೆಂಗಸರ ಪಿಸ್ತೂಲು ಎಂದು ಹಂಗಿಸಿದ. ಅವನ ಮೊದಲ ಸಲಹೆ ರಿವಾಲ್ವರ್. ಪಿಸ್ತೂಲೇ ಬೇಕೆಂದರೆ ಪಿಪಿಕೆ ಇರಲಿ ಅಂದ. ಫ್ಲೆಮಿಂಗ್ ಮುನಿಸಿಕೊಳ್ಳಲಿಲ್ಲ. 1958ರ 'ಡಾಕ್ಟರ್ ನೋ' ಕಾದಂಬರಿಯಲ್ಲಿ ಬಾಂಡ್‌ಗೆ ಪಿಪಿಕೆ ಕೊಡಿಸಿದ; ಆಯುಧ ತಜ್ಞನಿಗೆ ಮೇಜರ್ ಬೂತ್‌ರಾಯ್ಡ್ ಎಂದೇ ಹೆಸರಿಟ್ಟ. ಓದುಗನ ತಕರಾರಿಗೆ ಇಷ್ಟು ಮರ್ಯಾದೆ ಕೊಡುವ ಲೇಖಕರು ಎಷ್ಟು ಮಂದಿ?

1962ರಲ್ಲಿ ಅದೇ ಕಥೆ ತೆರೆಗೆ ಬಂತು. ಬಾಂಡ್‌ನ ಮೇಲಧಿಕಾರಿ ಅವನ ಬೆರೆಟ್ಟಾ ಕಸಿದುಕೊಂಡು ಹೊಸ ಪಿಸ್ತೂಲು ಕೊಡಿಸುತ್ತಾನೆ. ಮಾತಿನಲ್ಲಿ ಅದು ಪಿಪಿಕೆ. ಬಾಂಡ್ ಪಾತ್ರದ ಶಾನ್ ಕಾನರಿ ಕೈಯಲ್ಲಿದ್ದದ್ದು ಮಾತ್ರ ಅದರ ಅಣ್ಣ ಪಿಪಿ! ಪ್ರೇಕ್ಷಕರಿಗೆ ಬೇಕಿದ್ದದ್ದು ಠೀವಿ, ಮಾಡೆಲ್ ನಂಬರ್ ಅಲ್ಲ. ಆ ಠೀವಿಯ ಗೀಳು ನಮ್ಮಲ್ಲಿಗೂ ಬಂತು. 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು.

ಇನ್ನೂ ತಮಾಷೆಯದು ಬಾಂಡ್‌ನ ಎರಡನೆಯ ಚಿತ್ರ 'ಫ್ರಮ್ ರಷ್ಯಾ ವಿತ್ ಲವ್' ಪೋಸ್ಟರಿನ ಕಥೆ. ಫೋಟೋ ತೆಗೆಯುವ ದಿನ ಪಿಪಿಕೆ ತರುವುದನ್ನೇ ಮರೆತಿದ್ದರು. ಛಾಯಾಗ್ರಾಹಕ ಡೇವಿಡ್ ಹರ್ನ್ ತನ್ನದೇ ವಾಲ್ಥರ್ ಗಾಳಿ ಪಿಸ್ತೂಲನ್ನು ಕಾನರಿ ಕೈಗಿತ್ತ. ಗುರಿಯಾಟಕ್ಕೆ ಸಣ್ಣ ಚರೆ ಹಾರಿಸುವ ಪಿಸ್ತೂಲು ಅದು. ಮುಂದೆ ಎರಡೂ ಹರಾಜಿಗೆ ಬಂದವು. 'ಡಾಕ್ಟರ್ ನೋ' ಚಿತ್ರದ ಪಿಪಿ 2020ರ ಹರಾಜಿನಲ್ಲಿ 2,56,000 ಡಾಲರಿಗೆ ಹೋಯಿತು. ಗಾಳಿ ಪಿಸ್ತೂಲು ಅದಕ್ಕೂ ಹತ್ತು ವರ್ಷ ಮೊದಲೇ ಲಂಡನ್ನಿನಲ್ಲಿ 2,77,250 ಪೌಂಡ್ ಗಿಟ್ಟಿಸಿತ್ತು.