ಸಂತ ಜೋಸೆಫರ ಹಬ್ಬ: ಮೊದಲ ಮನೆಯ ಮಕ್ಕಳ ಪಾಲು



ಸಂತ ಜೋಸೆಫರ ಹಬ್ಬಕ್ಕೆ ಸತ್ತೇಗಾಲದ ನಾವೆಲ್ಲ ಸೇರಿದ್ದೇವೆ. ಜೋಸೆಫರು ಯೇಸುಸ್ವಾಮಿಗೆ ಜನ್ಮ ಕೊಟ್ಟವರಲ್ಲ. ಆದರೂ ಹೆಸರಿಟ್ಟರು, ದಾವೀದ ಅರಸನ ವಂಶಕ್ಕೆ ಸೇರಿಸಿಕೊಂಡರು.

ನಮ್ಮ ಮನೆಗಳಲ್ಲಿ? ಹೆಂಡತಿ ತೀರಿಕೊಂಡವನು ಮರುಮದುವೆಯಾಗುವುದು ತಪ್ಪಲ್ಲ, ಧರ್ಮಸಭೆಯೇ ಆಶೀರ್ವದಿಸುತ್ತದೆ. ಕಷ್ಟ ಶುರುವಾಗುವುದು ಆತ ಹಾಸಿಗೆ ಹಿಡಿದಾಗ. ಉಯಿಲು ಬೀರುವಿನಲ್ಲಿ, ಬೀಗದ ಕೈ ಚಿಕ್ಕಮ್ಮನ ಸೆರಗಿನಲ್ಲಿ. ಮೊದಲ ಮನೆಯ ಮಕ್ಕಳಿಗೆ ವಿಷಯ ತಿಳಿಯುವುದು ಮೂವತ್ತನೆಯ ದಿನದ ಪೂಜೆ ಮುಗಿದ ಮೇಲೆ.

ತಾತನ ಗದ್ದೆಯಲ್ಲಿ ಹುಟ್ಟಿನಿಂದಲೇ ಹಕ್ಕಿದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅದು ನೆರೆಯ ಹಿಂದೂ ಮನೆಗಳ ಕಾನೂನು. ನಮಗಿರುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರಂತೆ ತಂದೆ ತನ್ನ ಹೆಸರಿನ ಆಸ್ತಿಯನ್ನೆಲ್ಲ ಎರಡನೆಯ ಹೆಂಡತಿಗೇ ಬರೆಯಬಹುದು. ಮುಂದೆ ಆಕೆ ಉಯಿಲು ಮಾಡದೆ ತೀರಿಕೊಂಡರೆ ಮಲಮಕ್ಕಳು ಆಕೆಯ ವಾರಸುದಾರರಲ್ಲ.

ಉಯಿಲೇ ಇಲ್ಲದಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಎರಡೂ ಮನೆಯ ಆತನ ಮಕ್ಕಳಿಗೆ ಸಮನಾಗಿ, ಹೆಣ್ಣುಮಕ್ಕಳಿಗೂ ಸೇರಿ. ಕೇರಳದ ಮೇರಿ ರಾಯ್ ಈ ಸಮಪಾಲಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದರು. ಹೆತ್ತತಾಯಿ ಉಯಿಲಿಲ್ಲದೆ ತೀರಿಕೊಂಡಿದ್ದರೆ ಆಕೆಯ ಆಸ್ತಿಯಲ್ಲೂ ಮಕ್ಕಳಿಗೆ ಮೂರರಲ್ಲಿ ಎರಡು ಪಾಲು ಆಗಲೇ ಬಂದಿದೆ. ಅಪ್ಪನ ಮರುಮದುವೆಯಿಂದ ಅದು ಅಳಿಯದು.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ: ಮದುವೆಯಾದೊಡನೆ ಹಳೆಯ ಉಯಿಲು ರದ್ದಾಗುತ್ತದೆ. ಮೊದಲ ಮನೆಯ ಮಕ್ಕಳಿಗೆಂದು ಬರೆದಿಟ್ಟು ಮರುಮದುವೆಯಾದ ತಂದೆ ಹೊಸದಾಗಿ ಬರೆಯಲೇಬೇಕು. ಇಬ್ಬರು ಸಾಕ್ಷಿಗಳು ಬೇಕು. ಉಯಿಲಿನಲ್ಲಿ ಪಾಲು ಪಡೆಯುವವರು ಸಾಕ್ಷಿ ಹಾಕಿದರೆ ಅವರ ಪಾಲು ಹೋಗುತ್ತದೆ. ಮೋಸದಿಂದಲೋ ಬಲವಂತದಿಂದಲೋ ಬರೆಸಿದ್ದು ಊರ್ಜಿತವಲ್ಲ. ಆದರೆ ಅದನ್ನು ಕೋರ್ಟಿನಲ್ಲಿ ಸಾಧಿಸುವುದರೊಳಗೆ ಎಷ್ಟೋ ವರ್ಷ ಕಳೆದಿರುತ್ತದೆ.

ಕಾನೂನು ಬಿಡುವುದನ್ನೆಲ್ಲ ದೇವರು ಬಿಡುತ್ತಾರೆಯೇ? ಧರ್ಮೋಪದೇಶಕಾಂಡದ 21ನೆಯ ಅಧ್ಯಾಯ ನೋಡಿರಿ. ಇಬ್ಬರು ಹೆಂಡಿರಿದ್ದವನು ಆಸ್ತಿ ಹಂಚುವಾಗ ಒಲಿದವಳ ಮಗನಿಗಾಗಿ ಒಲ್ಲದವಳ ಚೊಚ್ಚಲು ಮಗನ ಹಕ್ಕನ್ನು ಕಸಿಯುವಂತಿಲ್ಲ. ಸತ್ತ ತಾಯಿಯ ಮಕ್ಕಳ ಪರವಾಗಿ ಮಾತನಾಡಲು ಆಕೆಯೂ ಇಲ್ಲ.

ಹಾಗೆಂದು ಚಿಕ್ಕಮ್ಮನನ್ನು ಕಳ್ಳಿಯಂತೆ ಕಾಣಬೇಡಿ. ಅಪ್ಪನ ಮಲಮೂತ್ರ ಬಳಿದವರು ಆಕೆ. ಬೆಂಗಳೂರಿನಲ್ಲಿದ್ದ ನಾವು ಹಬ್ಬಕ್ಕೆ ಬಂದು ಹೋದವರು. ಆಕೆಯ ಪಾಲು ಆಕೆಗೆ ಸಲ್ಲಲೇಬೇಕು.

ತಂದೆಯಂದಿರೇ, ಬುದ್ಧಿ ನೆಟ್ಟಗಿರುವಾಗಲೇ ಎರಡೂ ಮನೆಯ ಮಕ್ಕಳನ್ನು ಎದುರು ಕೂರಿಸಿಕೊಂಡು ಬರೆಯಿರಿ. ಚಿಕ್ಕಮ್ಮಂದಿರೇ, ನಾಡಕಚೇರಿಯಲ್ಲಿ ವಂಶವೃಕ್ಷ ಬರೆಸುವಾಗ ಅಕ್ಕನ ಹೆಸರನ್ನೂ, ಅವರ ಮಕ್ಕಳೆಲ್ಲರ ಹೆಸರನ್ನೂ, ಮದುವೆಯಾಗಿ ಹೋದವರದ್ದನ್ನೂ ಬಿಡದೆ ಹೇಳಿರಿ. ಅವರ ಜ್ಞಾನಸ್ನಾನದ ದಾಖಲೆ ಧರ್ಮಕೇಂದ್ರದ ಪುಸ್ತಕದಲ್ಲಿದೆ, ಕೇಳಿದರೆ ಬರೆದುಕೊಡುತ್ತೇವೆ.