ನಮ್ಮ ಕೇರಿಗೆ ನೆರಳು ಯಾವಾಗ?

(ಜವಳಗೇರಾದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಪಾರ್ಕಿನ ಬಗ್ಗೆ ಮಾತಾಡ್ತೀವಿ ಅಂದಾಗ ನಮ್ಮವರೇ ಕೆಲವರು ನಕ್ಕರು. 'ಸ್ಕಾಲರ್‌ಶಿಪ್ ಬಂದಿಲ್ಲ, ಕೇರ್ಯಾಗ ಚರಂಡಿ ಇಲ್ಲ, ನಿಮಗ ಹೂವಿನ ತೋಟದ ಚಿಂತಿ ಬಂತೇನ್ರಪಾ' ಅಂದರು. ಅವರು ನಕ್ಕದ್ದರಲ್ಲಿ ತಪ್ಪಿಲ್ಲ. ಪಾರ್ಕು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಿಳಿ ಬೂಟು ಹಾಕಿಕೊಂಡು ಬೆಳಗ್ಗೆ ಹೊಟ್ಟೆ ಕರಗಿಸುವ ಸಾಹುಕಾರರು. ತಿಂದದ್ದು ಕರಗಿಸಲಿಕ್ಕೆ ಅವರಿಗೆ ಪಾರ್ಕು ಬೇಕು. ತಿನ್ನಲಿಕ್ಕೇ ಇಲ್ಲದವರಿಗೆ ಯಾಕೆ? ಈ ಪ್ರಶ್ನೆಗೆ ಮೊದಲು ಉತ್ತರ ಹೇಳೋಣ.

ಬ್ಯಾಸಗಿಯಲ್ಲಿ ನಮ್ಮ ರಾಯಚೂರು ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಉಳ್ಳವರ ಮನೆಯಲ್ಲಿ ಕೂಲರ್ ಅದ, ಏಸಿ ಅದ. ಕೇರಿಯಲ್ಲಿ ತಗಡಿನ ಮಾಡು ಅದ. ಆ ತಗಡಿನ ಕೆಳಗೆ ಬಾಣಂತಿ, ಕೂಸು, ವಯಸ್ಸಾದ ಅಜ್ಜ-ಅಜ್ಜಿ. ಹೊರಗೆ ಬಂದು ಕೂಡೋಣ ಅಂದರೆ ಒಂದು ಗಿಡ ಇಲ್ಲ. ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತೀರಿ ಅಂತ ನಿಮಗೇ ಗೊತ್ತು. ಪರೀಕ್ಷೆ ಬರುವುದೂ ಬಿಸಿಲಿನ ದಿನಗಳಲ್ಲೇ. ಓದಲಿಕ್ಕೆ ಒಂದು ಬೇವಿನ ಗಿಡದ ಬುಡ ಸಿಕ್ಕರೆ ಅದು ಶೋಕಿಯೇ? ನಮ್ಮ ತಂಗಿಯರಿಗಂತೂ ಮನೆ ಬಿಟ್ಟರೆ ನಿರಾಳವಾಗಿ ಕೂಡುವ ಜಾಗ ಇಡೀ ಊರಿನಲ್ಲಿ ಎಲ್ಲಿದೆ ಹೇಳಿ. ಉಳ್ಳವನಿಗೆ ಪಾರ್ಕು ಗಾಳಿಸೇವನೆಯ ಜಾಗ. ಒಂದು ಕೋಣೆಯಲ್ಲಿ ಆರು ಮಂದಿ ಇರುವವರಿಗೆ ಅದು ಮನೆಯ ಎರಡನೆಯ ಕೋಣೆ.

ನೆರಳಿಗೂ ನಮಗೂ ಹಳೆಯ ಲೆಕ್ಕ ಇದೆ, ಗೆಳೆಯರೇ. ನಮ್ಮ ಹಿರಿಯರ ನೆರಳು ತಾಗಿದರೆ ಮೈಲಿಗೆ ಅಂದರು. ಊರ ನಡುವೆ ಅರಳಿಕಟ್ಟೆ ಕಟ್ಟಿ ಅದರ ಮೇಲೆ ತಾವು ಕೂತು ನ್ಯಾಯ ಹೇಳಿದರು. ನಮ್ಮವರು ದೂರದ ಬಿಸಿಲಲ್ಲಿ ಕೈಕಟ್ಟಿ ನಿಂತು ಆ ನ್ಯಾಯ ಕೇಳಿದರು.

ಇಲ್ಲಿಂದ ಮಸ್ಕಿ ದೂರವಿಲ್ಲ. 1915ರಲ್ಲಿ ಅಲ್ಲಿ ಬಂಡೆಯ ಮೇಲೆ ಸಿಕ್ಕ ಶಾಸನದಲ್ಲಿ ದೇವಾನಾಂಪ್ರಿಯ ಅನ್ನುವ ಬಿರುದಿನ ಜೊತೆಗೆ ಅಶೋಕ ಅನ್ನುವ ಹೆಸರೂ ಇದೆ. ಆ ಶಾಸನ ಹೇಳುವ ಒಂದು ಮಾತನ್ನು ನಾವು ಬಾಯಿಪಾಠ ಮಾಡಬೇಕು: ಒಳ್ಳೆಯದನ್ನು ಪಡೆಯುವುದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತ ತಿಳಿಯಬೇಡಿ, ಸಣ್ಣವರೂ ಪಡೆಯಬಹುದು ಅನ್ನುವುದು ಅದರ ತಾತ್ಪರ್ಯ. ಅದೇ ಅಶೋಕ ಬೇರೆ ಕಡೆ ಕಂಬದ ಮೇಲೆ ಬರೆಸಿದ, ದಾರಿಯ ಬದಿಗೆ ಆಲದ ಗಿಡ ನೆಡಿಸಿದ್ದೇನೆ, ದನಕರುಗಳಿಗೂ ಮನುಷ್ಯರಿಗೂ ನೆರಳಾಗಲಿ ಅಂತ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಅರಸನಿಗೆ ತಿಳಿದದ್ದು ಇಂದಿನ ಪುರಸಭೆಗೆ ಯಾಕೆ ತಿಳಿಯುವುದಿಲ್ಲ? ದನಕ್ಕೆ ಸಿಕ್ಕ ನೆರಳು ನಮ್ಮ ಹಿರಿಯರಿಗೆ ಯಾಕೆ ಸಿಗಲಿಲ್ಲ?

ಕಾನೂನು ಇಲ್ಲವೇ ಅಂದರೆ, ಇದೆ. ಮಹಾಡದ ಚವದಾರ ಕೆರೆಯನ್ನು ನೆನಪು ಮಾಡಿಕೊಳ್ಳಿ. ಸಾರ್ವಜನಿಕ ಕೆರೆ-ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನಸಭೆ 1923ರಲ್ಲಿ ಠರಾವು ಮಾಡಿತು. ಮಹಾಡದ ಪುರಸಭೆ 1924ರಲ್ಲಿ ಕೆರೆ ತೆರೆದೆವು ಅಂತ ಬರೆದುಕೊಂಡಿತು. ಕೆರೆ ತೆರೆದದ್ದು ಕಾಗದದ ಮೇಲೆ ಮಾತ್ರ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆ ನೀರು ಕುಡಿದ ಮೇಲೆ ಅದು ಲೋಕಕ್ಕೆಲ್ಲ ಗೊತ್ತಾಯಿತು. ಮುಂದೆ ಸಂವಿಧಾನದ 15ನೇ ವಿಧಿ, ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ರಸ್ತೆ, ಜನ ಸೇರುವ ಜಾಗ ಯಾವುದರಲ್ಲೂ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂದಿತು. ಪಾರ್ಕೂ ಜನ ಸೇರುವ ಜಾಗವೇ.

ಹಾಗಾದರೆ ಈಗ ತಡೆಯುವವರು ಯಾರು? ಗೇಟಿನಲ್ಲಿ ನಿಂತು ಜಾತಿ ಕೇಳುವುದು ಬೇಕಾಗಿಲ್ಲ. ಆ ಕೆಲಸವನ್ನು ನಕಾಶೆ ಮಾಡುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಕಾಯ್ದೆಗಳು ಪಾರ್ಕನ್ನು ಬಡಾವಣೆಗೆ ಕಟ್ಟಿಹಾಕಿವೆ. ಬೆಂಗಳೂರಿನ ಬಿ.ಡಿ.ಎ. ಕಾಯ್ದೆ ನೋಡಿ. ಹೊಸ ಬಡಾವಣೆ ಮಾಡಿದರೆ ನೂರಕ್ಕೆ 15 ಭಾಗ ಪಾರ್ಕು ಮತ್ತು ಆಟದ ಬಯಲಿಗೆ, ಇನ್ನೂ 10 ಭಾಗ ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಬಹಳ ಒಳ್ಳೆಯದು. ಆದರೆ ಕೇರಿ ಯಾವತ್ತು ಬಡಾವಣೆ ಆಗಿತ್ತು? ಕೇರಿಗೆ ಯಾರು ನಕಾಶೆ ಬರೆದರು? ಊರ ಹೊರಗೆ ತಳ್ಳಿದ ಜಾಗದಲ್ಲಿ ಮನೆಗೆ ಮನೆ ಅಂಟಿಕೊಂಡು ಬೆಳೆದದ್ದು ಕೇರಿ. ಸ್ಲಮ್ಮು ಬೆಳೆದದ್ದೂ ಹಾಗೇ. ಬಡಾವಣೆ ಅಲ್ಲದ ಕಡೆ ನೂರಕ್ಕೆ 15 ಅನ್ನುವ ಲೆಕ್ಕವೇ ಹುಟ್ಟುವುದಿಲ್ಲ. ಸೈಟು ಕೊಳ್ಳುವ ಶಕ್ತಿ ಇದ್ದವನಿಗೆ ಸೈಟಿನ ಜೊತೆ ಪಾರ್ಕೂ ಬರುತ್ತದೆ. ಇಲ್ಲದವನಿಗೆ ಎರಡೂ ಇಲ್ಲ. ಯಾರೂ ಬೈಯದೆ, ಯಾರೂ ಹೊಡೆಯದೆ, ಬರೀ ಲೆಕ್ಕದಲ್ಲಿ ನಮ್ಮನ್ನು ಹೊರಗಿಟ್ಟ ಪರಿ ಇದು.

ಸರಾಸರಿ ಲೆಕ್ಕವೂ ಹೀಗೇ ಮೋಸ ಮಾಡುತ್ತದೆ. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ಒಬ್ಬೊಬ್ಬರಿಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕು ಅನ್ನುತ್ತದೆ. ನಮ್ಮ ಕೇರಿಯ ಎಷ್ಟೋ ಮನೆಗಳಲ್ಲಿ ಇಡೀ ಸಂಸಾರಕ್ಕೇ ಅಷ್ಟು ಜಾಗ ಇಲ್ಲ. ಊರಿನ ಒಂದು ತುದಿಗೆ ದೊಡ್ಡ ಉದ್ಯಾನ ಮಾಡಿ, ಅದನ್ನು ಊರ ಜನಸಂಖ್ಯೆಗೆ ಭಾಗಿಸಿ, 'ನೋಡ್ರಿ, ಎಲ್ಲರಿಗೂ ಸಿಕ್ಕಿತು' ಅಂದರೆ ಯಾರಿಗೆ ಸಿಕ್ಕಿತು?

ಇದ್ದ ಪಾರ್ಕು ಉಳಿಸಿಕೊಳ್ಳುವುದಕ್ಕೂ ಬಲ ಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲಿಕ್ಕೆ ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಹಾಗೆ ಕೊಟ್ಟದ್ದು ಸಲ್ಲದು ಅಂದಿತು. ಈ ತೀರ್ಪು ನಮಗೂ ಬೇಕಾದದ್ದು. ಆದರೆ ದಿಲ್ಲಿಯ ತನಕ ಕೇಸು ನಡೆಸುವ ತಾಕತ್ತು ಆ ಬಡಾವಣೆಗೆ ಇತ್ತು. ದಿನಗೂಲಿ ಬಿಟ್ಟರೆ ಆ ದಿನದ ಊಟವನ್ನೇ ಬಿಡಬೇಕಾದವರು ಯಾವ ಕೋರ್ಟಿಗೆ ಹೋಗಬೇಕು?

ಅದೇ ಬೆಂಗಳೂರಿನಲ್ಲಿ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಅಭಿವೃದ್ಧಿಯ ಹೆಸರಲ್ಲಿ ಖಾಸಗಿಯವರಿಗೆ ಗುತ್ತಿಗೆ ಕೊಟ್ಟರು. ಮೀನು ಹಿಡಿಯುವವರು, ದನಕ್ಕೆ ಹುಲ್ಲು ಕೊಯ್ಯುವವರು, ಬಟ್ಟೆ ಒಗೆಯುವವರು ಇಂಥ ಕೆರೆಗಳನ್ನೇ ನಂಬಿ ಬದುಕಿದವರು. ಅವರ ಎದುರಿಗೆ ಬೇಲಿ ಎದ್ದಿತು, ಟಿಕೆಟ್ ಬಂತು. 2008ರಲ್ಲಿ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2012ರಲ್ಲಿ ಕೋರ್ಟು ಕೆರೆಗಳ ರಕ್ಷಣೆಗೆ ಆದೇಶ ಕೊಟ್ಟಿತು. ಇನ್ನು ದಿಲ್ಲಿಯಲ್ಲಿ 2004ರಲ್ಲಿ ಯಮುನೆಯ ದಂಡೆ ಚಂದ ಮಾಡುತ್ತೇವೆ ಅಂತ ಪುಷ್ತಾದ ಸಾವಿರಾರು ಗುಡಿಸಲುಗಳನ್ನು ಕೆಡವಿದರು. ಆದ್ದರಿಂದ ಹಸಿರು ಅನ್ನುವ ಮಾತು ಕೇಳಿದ ಕೂಡಲೇ ಚಪ್ಪಾಳೆ ತಟ್ಟಬೇಡಿ. ಯಾರ ನೆಲದ ಮೇಲೆ, ಯಾರನ್ನು ಎಬ್ಬಿಸಿ ಅಂತ ಮೊದಲು ಕೇಳಿ.

ಗಿಡದ ಬೆಲೆ ಗೊತ್ತಿಲ್ಲದವರು ನಾವಲ್ಲ. ಬೆಂಗಳೂರಿನ 44 ಸ್ಲಮ್ಮುಗಳಲ್ಲಿ ಸಂಶೋಧಕರು ಒಂದು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ಅಲ್ಲಿನ ಜನ ಪೇಂಟಿನ ಡಬ್ಬಿ, ಪ್ಲಾಸ್ಟಿಕ್ ಚೀಲ, ಹಳೆಯ ಪಾತ್ರೆ, ಬಕೀಟಿನಲ್ಲಿ ಸೊಪ್ಪು-ತರಕಾರಿ, ಔಷಧಿ ಗಿಡ ಬೆಳೆಸುತ್ತಾರೆ. ಒಂದೇ ಗಿಡದ ಕೆಳಗೆ ಅಡುಗೆ ನಡೆಯುತ್ತದೆ, ಪಾತ್ರೆ ತೊಳೆಯುವುದು ನಡೆಯುತ್ತದೆ, ಕಸಬರಿಗೆ ಕಟ್ಟುವುದು, ಟಯರು ರಿಪೇರಿ, ಮಕ್ಕಳ ಆಟ ಎಲ್ಲವೂ ನಡೆಯುತ್ತದೆ. ಒಂದು ಗಿಡ ಇಷ್ಟು ದುಡಿಯುವುದು ಬಡವರ ನಡುವೆ. ಯಾರೂ ಕಾಲಿಡದ ಹುಲ್ಲುಹಾಸು ಯಾರಿಗಾಗಿ ದುಡಿಯುತ್ತದೆ?

ಹುಲ್ಲುಹಾಸಿಗೆ ದಿನಾ ನೀರು ಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಗಿಡಗಳಿಗೆ, ಕಾರು ತೊಳೆಯಲಿಕ್ಕೆ, ಕಾರಂಜಿಗೆ ಬಳಸಿದರೆ 5000 ರೂಪಾಯಿ ದಂಡ ಅಂದರು. ನಮ್ಮ ಕಡೆ ಮಳೆ ಮೊದಲೇ ಕಡಿಮೆ. ಕಾಲುವೆಯ ನೀರೂ ಎಲ್ಲರ ಹೊಲಕ್ಕೆ ಮುಟ್ಟುವುದಿಲ್ಲ. ಇಂಥ ನಾಡಿಗೆ ಬೇವು, ಹೊಂಗೆ, ಹುಣಸೆ, ಅರಳಿ, ಆಲ ಬೇಕು. ಎರಡು-ಮೂರು ಬ್ಯಾಸಗಿ ನೀರು ಹಾಕಿ ಜೋಪಾನ ಮಾಡಿದರೆ ಆಮೇಲೆ ಅವು ತಮ್ಮ ಬದುಕು ತಾವು ನೋಡಿಕೊಳ್ಳುತ್ತವೆ. ಬಾಳಿಕೆ ಬರುವ ಹಸಿರು ಅಂದರೆ ಇದು. ವನಮಹೋತ್ಸವದ ದಿನ ಫೋಟೋ ಹಿಡಿಸಿ ಮರುದಿನ ಮರೆಯುವ ಸಸಿ ಅಲ್ಲ.

ಜಾಗ ಇಲ್ಲ ಅನ್ನುತ್ತಾರೆ. ಜವಳಗೇರಾದವರಿಗೆ ಈ ಮಾತು ಹೇಳಬೇಡಿ. ಸರ್ಕಾರಕ್ಕೆ ಬೀಜ ಬೆಳೆಯಬೇಕು ಅನಿಸಿದಾಗ ಇಲ್ಲೇ ಒಂದು ದೊಡ್ಡ ಫಾರ್ಮಿಗೆ ನೆಲ ಸಿಕ್ಕಿತು. 2014ರಿಂದ ಅದು ರಾಷ್ಟ್ರೀಯ ಬೀಜ ನಿಗಮದ ಕೈಯಲ್ಲಿದೆ. ಸರ್ಕಾರ ಬೇಕು ಅಂದರೆ ನೆಲ ಹುಟ್ಟುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಬೆಳೆಯುತ್ತಿರುವ ಊರುಗಳು. ಹೊಲಗಳು ಎನ್.ಎ. ಆಗಿ ಪ್ಲಾಟುಗಳಾಗುತ್ತವೆ. ಈಗ ಕೇಳದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ಕೇಳಲಿಕ್ಕೆ ಅಂಗೈಯಷ್ಟು ನೆಲವೂ ಉಳಿದಿರುವುದಿಲ್ಲ.

ನಾವು ಕೇಳುವುದು ಇಷ್ಟು:

ಒಂದು: ಊರಿನ ಯೋಜನೆ ಬರೆಯುವಾಗ ಮೊದಲ ಪಾರ್ಕಿನ ಗುರುತು ಕೇರಿ, ಸ್ಲಮ್ಮು, ಹಾಸ್ಟೆಲ್ಲುಗಳ ಮಗ್ಗುಲಿಗೆ ಬೀಳಬೇಕು. ಸಣ್ಣದಿರಲಿ, ಕೂಸನ್ನು ಎತ್ತಿಕೊಂಡ ತಾಯಿ ನಡೆದು ಹೋಗುವಷ್ಟು ಹತ್ತಿರ ಇರಲಿ.

ಎರಡು: ಹಸಿರಿನ ಹೆಸರಲ್ಲಿ ಒಂದು ಗುಡಿಸಲೂ ಏಳಬಾರದು.

ಮೂರು: ಟಿಕೆಟ್ ಬೇಡ, ಮಧ್ಯಾಹ್ನ ಬೀಗ ಬೇಡ. ಬೆಂಗಳೂರಿನ ಪಾಲಿಕೆಯೇ 2024ರಲ್ಲಿ ಪಾರ್ಕುಗಳನ್ನು ಬೆಳಗಿನ 5ರಿಂದ ರಾತ್ರಿ 10ರ ತನಕ ತೆರೆದಿಡಲು ಒಪ್ಪಿತು. ಅದಕ್ಕೆ ಮೊದಲು ಮಧ್ಯಾಹ್ನ ಮುಚ್ಚುತ್ತಿದ್ದರು. ಬೀದಿ ಗುಡಿಸಿ ದಣಿದವರಿಗೆ ನೆರಳು ಬೇಕಾಗುವುದೇ ಮಧ್ಯಾಹ್ನ. ಕುಡಿಯುವ ನೀರು, ಪಾಯಖಾನೆ, ದೀಪ ಇದ್ದರೆ ಹೆಣ್ಣುಮಕ್ಕಳು ಬರುತ್ತಾರೆ.

ನಾಲ್ಕು: ಗಿಡ ಸಾಕುವವರಿಗೆ ತಿಂಗಳು ತಿಂಗಳು ಸರಿಯಾದ ಸಂಬಳ ಬೇಕು. ಗುಂಡಿ ತೋಡುವುದಕ್ಕೆ ನಮ್ಮವರು, ಬೋರ್ಡಿನ ಮೇಲೆ ಹೆಸರು ಇನ್ನೊಬ್ಬರದು, ಇದು ಸಾಕು.

ಐದು: ಪರಿಶಿಷ್ಟರ ಉಪಯೋಜನೆಯ 2013ರ ಕಾಯ್ದೆಯಲ್ಲಿ 7(ಡಿ) ಅನ್ನುವ ಒಂದು ಸಂದಿ ಇತ್ತು. ಎಲ್ಲರಿಗಾಗಿ ಮಾಡಿದ ಕೆಲಸದ ಖರ್ಚನ್ನೂ ಅದರಿಂದ ನಮ್ಮ ಲೆಕ್ಕಕ್ಕೆ ಬರೆಯಬಹುದಾಗಿತ್ತು. 2023ರಲ್ಲಿ ಅದನ್ನು ತೆಗೆದರು. ಇನ್ನು ಮುಂದೆ ನಮ್ಮ ಹಣದಲ್ಲಿ ದೊಡ್ಡವರ ಓಣಿಗೆ ಕಾರಂಜಿ ಹಾರಬಾರದು.

ಕೇಳಿ ಸುಮ್ಮನೆ ಹೋಗಬೇಡಿ. ನಿಮ್ಮ ಕೈಯಲ್ಲಿ ಕಾಲೇಜಿನ ನೋಟ್‌ಬುಕ್ಕು ಇದೆ. ಈ ರಜೆಯಲ್ಲಿ ನಾಲ್ಕು ನಾಲ್ಕು ಮಂದಿ ಕೂಡಿ ಒಂದೊಂದು ವಾರ್ಡು ತಿರುಗಿ. ಎಷ್ಟು ಮನೆ, ಎಷ್ಟು ಗಿಡ, ಎಷ್ಟು ಬಯಲು, ಅದಕ್ಕೆ ಬೇಲಿ ಹಾಕಿದವರು ಯಾರು, ಬರೆದುಕೊಳ್ಳಿ. 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಯಾವ ಯಾವ ಲೇಔಟಿನ ಪಾರ್ಕು ಜಾಗ ನಗರಸಭೆಯ ವಶಕ್ಕೆ ಬಂದಿದೆ ಅಂತ ಕೇಳಿ. ಬಂದ ಉತ್ತರ ಹಿಡಿದು ಆ ಜಾಗಕ್ಕೆ ಹೋಗಿ ನಿಲ್ಲಿ. ಪಾರ್ಕು ಕಾಗದದಲ್ಲಿದೆಯೋ ನೆಲದ ಮೇಲಿದೆಯೋ ಅಲ್ಲೇ ತಿಳಿಯುತ್ತದೆ. ಆಮೇಲೆ ಆ ಲೆಕ್ಕ ಹಿಡಿದು ಎಲ್ಲರೂ ಕೂಡಿ ನಗರಸಭೆಯ ಬಾಗಿಲಿಗೆ ಹೋಗೋಣ.

ಜೈ ಭೀಮ್.